ಟ್ಯಾಬ್ಲೆಟ್ ಹಿಡಿದ ಹೊಸ ಟೀಚರ್, ಕಾಲು ಭಾಗದ ಲೆಕ್ಕ

ಸಿಡ್ನಿಯ ಪಶ್ಚಿಮಕ್ಕಿರುವ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಮೂರನೇ ತರಗತಿ. ಮಂಗಳವಾರ ಬೆಳಿಗ್ಗೆ ಗಣಿತದ ಪೀರಿಯಡ್, ಪಾಠ ಭಿನ್ನರಾಶಿ. ಪಾಠ ಮಾಡಲು ನಿಂತವರು ನಮ್ಮ ಮನೆಯಾಕೆ. ಶಿಕ್ಷಕಿಯಾಗಲು ಓದುತ್ತಿರುವ ಆಕೆಗೆ ಅದು ಶಾಲಾ ತರಬೇತಿಯ ಮೂರನೇ ವಾರ. ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ನಮ್ಮ ಊಟದ ಮೇಜೇ ಕಚೇರಿಯಾಗಿತ್ತು. ಕ್ಯಾನ್ವಾದಲ್ಲಿ ಹದಿನಾರು ಬಣ್ಣದ ಸ್ಲೈಡ್‌ಗಳು, ಕಹೂಟ್‌ನಲ್ಲಿ ಹತ್ತು ಪ್ರಶ್ನೆಗಳ ಕ್ವಿಜ್, ಎಐ ಕೈಲಿ ಬರೆಸಿದ ಒಂದು ವರ್ಕ್‌ಶೀಟ್. ಎರಡು ಸಲ ಕಾಫಿ ಮಾಡಿಕೊಟ್ಟು, ಸ್ಪೆಲ್ಲಿಂಗ್ ನೋಡಿಕೊಟ್ಟು, ‘ಇಷ್ಟು ಚೆನ್ನಾಗಿದ್ದರೆ ಮಕ್ಕಳಿಗೇನು, ನಮಗೇ ಭಿನ್ನರಾಶಿ ಬಂದುಬಿಡುತ್ತದೆ’ ಎಂದು ಹುರಿದುಂಬಿಸಿದವರು ನಾವೇ.

ಮರುದಿನ ಐವತ್ತು ನಿಮಿಷದ ಪಾಠದಲ್ಲಿ ಹದಿನೆಂಟು ನಿಮಿಷ ಲಾಗಿನ್‌ಗೆ ಹೋಯಿತು. ಟ್ಯಾಬ್ಲೆಟ್‌ಗಳ ಟ್ರಾಲಿಯಲ್ಲಿ ಎರಡಕ್ಕೆ ಚಾರ್ಜ್ ಇರಲಿಲ್ಲ. ಐದಾರು ಮಕ್ಕಳಿಗೆ ಪಾಸ್‌ವರ್ಡ್ ಮರೆತಿತ್ತು, ಒಬ್ಬನಂತೂ ಅಣ್ಣನ ಪಾಸ್‌ವರ್ಡ್ ಹಾಕುತ್ತಿದ್ದ. ಉಳಿದ ಸಮಯದಲ್ಲಿ ಕ್ವಿಜ್ ಮಾತ್ರ ಅದ್ಧೂರಿಯಾಗಿ ನಡೆಯಿತು. ಸಂಗೀತ, ಕೇಕೆ, ಚಪ್ಪಾಳೆ. ಆಕೆ ಸಮಾಧಾನದಿಂದಲೇ ಸ್ಟಾಫ್ ರೂಮಿಗೆ ಹೋದಳು. ಅಲ್ಲಿ ಮಾರ್ಗದರ್ಶಕ ಶಿಕ್ಷಕಿ ಒಂದೇ ಪ್ರಶ್ನೆ ಬರೆದಿದ್ದ ಚೀಟಿ ಕೊಟ್ಟರು: ಈ ತರಗತಿಯಲ್ಲಿ ಕಾಲು ಭಾಗ ಎಂದರೇನು ಎಂದು ಗೊತ್ತಿಲ್ಲದ ಮಗು ಯಾವುದು, ಅದು ನಿಮಗೆ ಯಾವಾಗ ತಿಳಿಯಿತು?

ಉತ್ತರವಿರಲಿಲ್ಲ. ಕ್ವಿಜ್‌ನಲ್ಲಿ ಮೂರನೇ ಸ್ಥಾನ ಪಡೆದ ಹುಡುಗಿಯನ್ನು ಮಧ್ಯಾಹ್ನ ಕರೆದು ಕೇಳಿದಾಗ, ಮೂರನೇ ಒಂದು ಭಾಗಕ್ಕಿಂತ ನಾಲ್ಕನೇ ಒಂದು ಭಾಗ ದೊಡ್ಡದು ಎಂದಳಂತೆ. ಕಾರಣವೂ ಸಿದ್ಧವಿತ್ತು. ಮೂರಕ್ಕಿಂತ ನಾಲ್ಕು ದೊಡ್ಡದಲ್ಲವೇ? ಕಹೂಟ್‌ನಲ್ಲಿ ಸರಿ ಉತ್ತರವನ್ನು ಬೇಗ ಒತ್ತಿದವರಿಗೆ ಹೆಚ್ಚು ಅಂಕ. ಹತ್ತರಲ್ಲಿ ಒಂಬತ್ತು ಪ್ರಶ್ನೆಗಳು ಚಿತ್ರ ನೋಡಿ ಹೆಸರು ಹೇಳುವಂಥವು. ಚುರುಕು ಬೆರಳಿನ ಮಗು ಮೇಲೆ ಬಂತು, ತಪ್ಪು ತಿಳಿವಳಿಕೆ ಅದರ ಹಿಂದೆ ಅಡಗಿ ಕೂತಿತು.

ಮನೆಯೊಳಗಿನ ಈ ಕಥೆಯನ್ನು ಪತ್ರಿಕೆಯ ಪುಟಕ್ಕೆ ತರಲು ಕಾರಣವಿದೆ. ನಮ್ಮ ಪರಿಚಯದ ಕನ್ನಡಿಗರಲ್ಲೇ ನಾಲ್ವರು ಹೆಣ್ಣುಮಕ್ಕಳು ಇಲ್ಲಿಗೆ ಬಂದ ಮೇಲೆ ಐಟಿ, ಬ್ಯಾಂಕ್ ಕೆಲಸ ಬಿಟ್ಟು ಶಿಕ್ಷಕಿಯರಾಗಲು ಓದುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ ಶಿಕ್ಷಕರ ಕೊರತೆ ಇದೆ, ರಜೆಗಳು ಮಕ್ಕಳ ರಜೆಗೆ ಹೊಂದುತ್ತವೆ, ಕೆಲಸಕ್ಕೆ ಮರ್ಯಾದೆಯೂ ಉಂಟು. ಪದವೀಧರರಾದವರಿಗೆ ಎರಡು ವರ್ಷದ ಮಾಸ್ಟರ್ ಆಫ್ ಟೀಚಿಂಗ್ ಇದೆ. ಅದರೊಳಗೆ ಕನಿಷ್ಠ 60 ದಿನ ಶಾಲೆಯಲ್ಲಿ ಪಾಠ ಮಾಡಿ ತೇರ್ಗಡೆಯಾಗಬೇಕು, ಭಾಷೆ ಮತ್ತು ಅಂಕಗಣಿತದ ರಾಷ್ಟ್ರೀಯ ಪರೀಕ್ಷೆಯನ್ನೂ ಪಾಸು ಮಾಡಬೇಕು. ಆ 60 ದಿನಕ್ಕೆ ಸಂಬಳವಿಲ್ಲ. 2025ರ ಜುಲೈ 1ರಿಂದ ಕೇಂದ್ರ ಸರ್ಕಾರ ವಾರಕ್ಕೆ 331.65 ಡಾಲರ್ ಭತ್ಯೆ ಕೊಡಲು ಆರಂಭಿಸಿತು. ಅದಕ್ಕೆ ಷರತ್ತುಗಳಿವೆ, ನಮ್ಮ ಮನೆಗೆ ಅದು ಅನ್ವಯವಾಗಲಿಲ್ಲ. ಒಂದು ಸಂಬಳ ನಿಂತಿದೆ, ಫೀಸು ಕಟ್ಟಿದ್ದೇವೆ, ಮನೆ ಸಾಲದ ಕಂತು ಹಾಗೇ ಇದೆ. ತರಬೇತಿಯಲ್ಲಿ ಫೇಲಾದರೆ ಇನ್ನೊಂದು ಸೆಮಿಸ್ಟರ್. ಹಾಗಾಗಿ ಆ ಚೀಟಿ ನಮ್ಮ ಮನೆಯಲ್ಲಿ ಎರಡು ದಿನ ಮೌನ ತಂದಿಟ್ಟಿತು.

ಇನ್ನೊಂದು ವಿಚಿತ್ರ ನೋಡಿ. ಆಕೆ ಶಾಲೆಗೆ ಹೊಸಬಳಿರಬಹುದು, ತಂತ್ರಜ್ಞಾನಕ್ಕಲ್ಲ. ಬೆಂಗಳೂರಿನಲ್ಲೂ ಇಲ್ಲೂ ಸೇರಿ ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು. ಟೂಲ್ ಬಳಸಲು ಬಾರದೆ ಎಡವಿದ್ದಲ್ಲ, ಬಳಸಲು ಚೆನ್ನಾಗಿ ಬರುತ್ತದೆ ಎಂಬುದೇ ಎಡವಿಸಿತು.

ಹದಿನಾರು ಸ್ಲೈಡ್ ಮಾಡಿದ್ದೇಕೆ ಎಂದು ಕೂತು ವಿಚಾರಿಸಿದಾಗ ಒಂದು ಕಾಗದ ಹೊರಬಂತು. ತರಬೇತಿ ಮೌಲ್ಯಮಾಪನದ ಫಾರ್ಮ್ ಅದು. ಆಸ್ಟ್ರೇಲಿಯಾದಲ್ಲಿ 2011ರಿಂದ ಶಿಕ್ಷಕರಿಗೆ ರಾಷ್ಟ್ರೀಯ ವೃತ್ತಿ ಮಾನದಂಡಗಳಿವೆ. ಏಳು ಮಾನದಂಡ, ಅದರಡಿ 37 ಅಂಶ. ಅದರಲ್ಲಿ 2.6 ಎಂಬುದು ಪಾಠದಲ್ಲಿ ಮಾಹಿತಿ ತಂತ್ರಜ್ಞಾನ ಬಳಸುವುದರ ಬಗ್ಗೆ, 4.5 ಅದನ್ನು ಸುರಕ್ಷಿತವಾಗಿ, ನೀತಿಬದ್ಧವಾಗಿ ಬಳಸುವುದರ ಬಗ್ಗೆ. ಪ್ರತಿ ಅಂಶಕ್ಕೂ ತರಬೇತಿ ಶಿಕ್ಷಕಿ ಪುರಾವೆ ಒದಗಿಸಬೇಕು. ಸ್ಲೈಡ್ ಎಂದರೆ ಕೈಗೆ ಸಿಗುವ ಪುರಾವೆ. ಸ್ಕ್ರೀನ್‌ಶಾಟ್ ತೆಗೆದು ಫೈಲಿಗೆ ಸೇರಿಸಿದರೆ 2.6 ಮುಗಿಯಿತು. ಒಂದು ಮಗುವಿನ ಪಕ್ಕ ಮೊಣಕಾಲೂರಿ ಕೂತು ‘ಯಾಕೆ ಹಾಗಂದುಕೊಂಡೆ?’ ಎಂದು ಕೇಳಿದ್ದಕ್ಕೆ ಸ್ಕ್ರೀನ್‌ಶಾಟ್ ಎಲ್ಲಿಂದ ತರುವುದು?

ಇದು ನಮಗೆ ಹೊಸ ರೋಗವಲ್ಲ. ಆಡಿಟ್ ಮಾಡುವವರಿಗೆಲ್ಲ ಗೊತ್ತು, ಚೆಕ್‌ಲಿಸ್ಟ್‌ನಲ್ಲಿ ಟಿಕ್ ಬೀಳುವ ಕೆಲಸ ಮೊದಲು ನಡೆಯುತ್ತದೆ, ಟಿಕ್ ಇಲ್ಲದ್ದು ನಾಳೆಗೆ ಹೋಗುತ್ತದೆ. ವೋಚರ್‌ಗಳೆಲ್ಲ ಸರಿಯಾಗಿದ್ದು ಗೋದಾಮಿನಲ್ಲಿ ಮಾಲೇ ಇಲ್ಲದ ಲೆಕ್ಕಗಳನ್ನು ನಾವೂ ನೋಡಿದ್ದೇವೆ. ಮಾನದಂಡದ ಮಾತುಗಳಲ್ಲಿ ತಪ್ಪೇನಿಲ್ಲ, ಕಲಿಕೆಯ ಅವಕಾಶ ವಿಸ್ತರಿಸಲು ತಂತ್ರಜ್ಞಾನ ಬಳಸಿ ಎಂದೇ ಅದು ಹೇಳುತ್ತದೆ. ಫಾರ್ಮಿಗೆ ಇಳಿಯುವಾಗ ‘ಕಲಿಕೆ’ ಬಿದ್ದುಹೋಗಿ ‘ಬಳಸಿ’ ಮಾತ್ರ ಉಳಿಯುತ್ತದೆ.

ಈ ವಿಷಯಕ್ಕೆ ಒಳ್ಳೆಯ ಚೌಕಟ್ಟು ಇಲ್ಲವೆಂದಲ್ಲ. ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲೇ ಒಂದು ಮಾದರಿ ಮುಂದಿಟ್ಟರು. ಟಿಪ್ಯಾಕ್ ಎಂದು ಅದಕ್ಕೆ ಹೆಸರು. ವಿಷಯ ಜ್ಞಾನ, ಕಲಿಸುವ ಜ್ಞಾನ, ತಂತ್ರಜ್ಞಾನದ ಜ್ಞಾನ ಈ ಮೂರೂ ಒಂದರೊಳಗೊಂದು ಹೆಣೆದುಕೊಂಡ ಜಾಗದಲ್ಲಿ ಒಳ್ಳೆಯ ಪಾಠ ಹುಟ್ಟುತ್ತದೆ, ಟೂಲನ್ನು ಬೇರೆಯಾಗಿ ಕಲಿಸಿದರೆ ಸಾಲದು ಎಂಬುದು ಅದರ ತಿರುಳು. ಮನೆಯಾಕೆಯ ಕೋರ್ಸಿನಲ್ಲೂ ಇದರ ಚಿತ್ರವಿತ್ತು. ಅದರ ಮೇಲೆ ಪ್ರಬಂಧ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದಳು. ಚಿತ್ರ ಗೊತ್ತಿತ್ತು. ಮೂರನೇ ತರಗತಿಯ ಭಿನ್ನರಾಶಿಗೆ ಅದು ಏನು ಹೇಳುತ್ತದೆ ಎಂಬುದು ತರಗತಿಯಲ್ಲಿ ನಿಂತ ಮೇಲಷ್ಟೇ ಗೊತ್ತಾಗುವ ಸಂಗತಿ.

ಗುರುವಾರ ಮಾರ್ಗದರ್ಶಕ ಶಿಕ್ಷಕಿ ಅದೇ ಪಾಠವನ್ನು ಇನ್ನೊಮ್ಮೆ ಮಾಡಲು ಬಿಟ್ಟರು, ದೊಡ್ಡ ಮನಸ್ಸು ಅವರದು. ಈ ಸಲ ಒಂದೇ ಉದ್ದದ ಕಾಗದದ ಪಟ್ಟಿಗಳು. ಮೂರಾಗಿ ಮಡಿಸಿ, ಇನ್ನೊಂದನ್ನು ನಾಲ್ಕಾಗಿ ಮಡಿಸಿ, ಪಕ್ಕಪಕ್ಕ ಇಡಿ. ಮೂರಾಗಿ ಮಡಿಸುವುದು ಮಕ್ಕಳಿಗೆ ಎಷ್ಟು ಕಷ್ಟ ಎಂಬುದೇ ಮೊದಲ ಹತ್ತು ನಿಮಿಷದ ಪಾಠವಾಯಿತು. ಆಮೇಲೆ ಆಕೆ ಒಂದೇ ಟ್ಯಾಬ್ಲೆಟ್ ತೆಗೆದುಕೊಂಡು ಡೆಸ್ಕಿನಿಂದ ಡೆಸ್ಕಿಗೆ ಹೋಗಿ ನಾಲ್ಕು ಮಕ್ಕಳ ಪಟ್ಟಿಗಳ ಫೋಟೊ ತೆಗೆದು ದೊಡ್ಡ ಪರದೆ ಮೇಲೆ ಹಾಕಿದಳು. ಅದರಲ್ಲಿ ಎರಡು ಸರಿ, ಎರಡರಲ್ಲಿ ಭಾಗಗಳು ಸಮವಿಲ್ಲ. ‘ಇದರಲ್ಲಿ ಯಾವುದು ಕಾಲು, ಯಾವುದು ಕಾಲಲ್ಲ?’ ಇಡೀ ತರಗತಿ ವಾದಕ್ಕಿಳಿಯಿತು. ಮೂರನೇ ಸ್ಥಾನದ ಹುಡುಗಿ ತನ್ನ ಎರಡು ಪಟ್ಟಿಗಳನ್ನು ಎತ್ತಿ ಹಿಡಿದು ನೋಡಿ, ‘ಓ, ಹೆಚ್ಚು ಜನ ಹಂಚಿಕೊಂಡರೆ ಕಡಿಮೆ ಸಿಗುತ್ತದೆ’ ಎಂದಳಂತೆ. ಗಮನಿಸಿ, ಇಲ್ಲೂ ತಂತ್ರಜ್ಞಾನ ಇತ್ತು. ಒಂದು ಕ್ಯಾಮೆರಾ, ಒಂದು ಪರದೆ. ಒಂದು ಮಗುವಿನ ತಪ್ಪು ಇಪ್ಪತ್ನಾಲ್ಕು ಮಕ್ಕಳ ಕಣ್ಣಿಗೆ ಅರ್ಧ ನಿಮಿಷದಲ್ಲಿ ಬೀಳುವುದು ಕರಿಹಲಗೆಯಿಂದ ಆಗದ ಕೆಲಸ. ಯಾರ ಪಟ್ಟಿ ಎಂದು ಹೆಸರು ಹೇಳಬಾರದು, ಅಷ್ಟೇ.

ಎಐ ವರ್ಕ್‌ಶೀಟಿನ ಕಥೆಯನ್ನೂ ಹೇಳಬೇಕು. ಅದರಲ್ಲೊಂದು ಪಿಜ್ಜಾದ ಚಿತ್ರವಿತ್ತು. ನಾಲ್ಕು ತುಂಡು, ಒಂದಕ್ಕೆ ಬಣ್ಣ, ಕೆಳಗೆ ‘ಕಾಲು’ ಎಂದು ಬರಹ. ತುಂಡುಗಳು ಮಾತ್ರ ಸಮವಿರಲಿಲ್ಲ, ಒಂದು ದೊಡ್ಡದು, ಒಂದು ಚೂರು. ಭಿನ್ನರಾಶಿಯ ಪಾಠದ ಜೀವವೇ ‘ಸಮ ಭಾಗ’ ಎಂಬ ಮಾತು, ಚಿತ್ರ ಅದನ್ನೇ ಕೊಂದಿತ್ತು. ರಾತ್ರಿ ಒಂದು ಗಂಟೆಗೆ ನಾವಿಬ್ಬರೂ ಅದನ್ನು ನೋಡಿ ‘ಚೆನ್ನಾಗಿದೆ’ ಎಂದಿದ್ದೆವು. ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು, ಟೆಸ್ಟರ್ ಒಬ್ಬರು!

ಅದಕ್ಕಿಂತ ದೊಡ್ಡ ತಪ್ಪು ಸ್ವಲ್ಪದರಲ್ಲಿ ತಪ್ಪಿತು. ಓದುವ ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಗುಂಪು ಮಾಡಬೇಕಿತ್ತು. ಹೆಸರು, ಓದುವ ಮಟ್ಟ, ಯಾವ ಮಗುವಿಗೆ ವಿಶೇಷ ನೆರವು ಬೇಕು ಎಂಬ ಪಟ್ಟಿಯನ್ನು ಇಡಿಯಾಗಿ ಒಂದು ಉಚಿತ ಚಾಟ್‌ಬಾಟಿಗೆ ಹಾಕಿ ಗುಂಪು ಮಾಡಿಸಲು ಹೊರಟಿದ್ದಳು. ಪಕ್ಕದ ತರಗತಿಯ ಶಿಕ್ಷಕರು ನೋಡಿ ತಡೆದರು. ಕ್ಲೈಂಟ್‌ನ ಬ್ಯಾಲೆನ್ಸ್ ಶೀಟನ್ನು ಹೊರಗಿನವರಿಗೆ ತೋರಿಸಿದರೆ ನಮ್ಮ ಲೈಸೆನ್ಸೇ ಹೋಗುತ್ತದೆ ಎಂಬ ಭಯ ನಮಗೆ ಆರ್ಟಿಕಲ್‌ಶಿಪ್ ದಿನದಿಂದ ರಕ್ತದಲ್ಲಿದೆ. ಎಂಟು ವರ್ಷದ ಮಗು ನಿಧಾನವಾಗಿ ಓದುತ್ತದೆ ಎಂಬ ಮಾಹಿತಿ ಬ್ಯಾಲೆನ್ಸ್ ಶೀಟಿಗಿಂತ ಕಡಿಮೆಯೇ? ಹ್ಯೂಮನ್ ರೈಟ್ಸ್ ವಾಚ್ 2022ರಲ್ಲಿ 49 ದೇಶಗಳ ಸರ್ಕಾರಗಳು ಕೋವಿಡ್ ಕಾಲದಲ್ಲಿ ಶಿಫಾರಸು ಮಾಡಿದ್ದ ನೂರೈವತ್ತಕ್ಕೂ ಹೆಚ್ಚು ಕಲಿಕಾ ಆ್ಯಪ್, ತಾಣಗಳನ್ನು ಪರಿಶೀಲಿಸಿತ್ತು. ಸುಮಾರು ಶೇ 89ರಷ್ಟು ಮಕ್ಕಳ ಖಾಸಗಿತನಕ್ಕೆ ಧಕ್ಕೆ ತರುವಂತಿದ್ದವು ಅಥವಾ ಧಕ್ಕೆ ತಂದಿದ್ದವು. ಸರ್ಕಾರಗಳೇ ಹೇಳಿದ ಆ್ಯಪ್‌ಗಳ ಗತಿ ಇದು. ತರಬೇತಿ ಶಿಕ್ಷಕಿ ರಾತ್ರಿ ಹುಡುಕಿಕೊಂಡ ಉಚಿತ ಆ್ಯಪ್ ಬಗ್ಗೆ ಹೇಳುವುದೇ ಬೇಡ.

ಈ ದೇಶ ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ ಎನ್ನುವುದನ್ನೂ ಒಪ್ಪಬೇಕು. 2023ರ ಕೊನೆಯಲ್ಲಿ ಕೇಂದ್ರ ಮತ್ತು ರಾಜ್ಯಗಳ ಶಿಕ್ಷಣ ಸಚಿವರು ಒಟ್ಟಾಗಿ ಶಾಲೆಗಳಲ್ಲಿ ಎಐ ಬಳಕೆಗೆ ಆರು ತತ್ವಗಳ ಚೌಕಟ್ಟು ತಂದರು, 2024ರ ಮೊದಲ ಟರ್ಮ್‌ನಿಂದ ಅದು ಜಾರಿಯಲ್ಲಿದೆ. ಸೌತ್ ಆಸ್ಟ್ರೇಲಿಯಾ ತನ್ನದೇ ಎಡ್‌ಚಾಟ್ ಮಾಡಿಕೊಂಡಿತು. ನಮ್ಮ ನ್ಯೂ ಸೌತ್ ವೇಲ್ಸ್ ಎನ್‌ಎಸ್‌ಡಬ್ಲ್ಯುಎಜುಚಾಟ್ ಕಟ್ಟಿ, ಮೊದಲು ಕೆಲವು ಶಾಲೆಗಳಲ್ಲಿ ಪ್ರಯೋಗಿಸಿ, 2025ರ ನಾಲ್ಕನೇ ಟರ್ಮ್‌ನಿಂದ ಐದನೇ ತರಗತಿ ಮೇಲ್ಪಟ್ಟ ಸರ್ಕಾರಿ ಶಾಲಾ ಮಕ್ಕಳಿಗೆಲ್ಲ ತೆರೆಯಿತು. ಅದು ನೇರ ಉತ್ತರ ಕೊಡುವುದಿಲ್ಲ, ಮರುಪ್ರಶ್ನೆ ಹಾಕಿ ಯೋಚಿಸಲು ಹಚ್ಚುವಂತೆ ಮಾಡಿದ್ದಾರೆ. ‘ಕೇಳಿದ್ದಕ್ಕೆಲ್ಲ ತಿರುಗಿ ಪ್ರಶ್ನೆ ಕೇಳುತ್ತೆ, ಥೇಟ್ ಅಜ್ಜಿ ಥರ’ ಎಂಬುದು ಏಳನೇ ತರಗತಿಯ ನಮ್ಮ ಮಗನ ದೂರು. ಇದೇ ರಾಜ್ಯ 2023ರ ನಾಲ್ಕನೇ ಟರ್ಮ್‌ನಿಂದ ಸರ್ಕಾರಿ ಹೈಸ್ಕೂಲುಗಳಲ್ಲೂ ಮೊಬೈಲ್ ನಿಷೇಧಿಸಿದೆ. 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರು ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳದಂತೆ ಕೇಂದ್ರದ ಕಾನೂನೂ ಬಂದಿದೆ. ಒಂದು ಕೈಯಲ್ಲಿ ಪರದೆ ಕಿತ್ತುಕೊಳ್ಳುವುದು, ಇನ್ನೊಂದು ಕೈಯಲ್ಲಿ ಬೇರೆ ಪರದೆ ಕೊಡುವುದು. ನಗು ಬರಬಹುದು, ನಮಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಯಾವುದು ಯಾರ ಕೈಯಲ್ಲಿ, ಎಷ್ಟು ಹೊತ್ತು ಎಂಬುದೇ ಇಲ್ಲಿನ ಲೆಕ್ಕ.

ಲೆಕ್ಕ ಎಂದ ಮೇಲೆ ದುಡ್ಡಿನ ಮಾತು ಬಿಟ್ಟರೆ ನಮ್ಮ ಕಸುಬಿಗೆ ಅವಮಾನ. 2007ರ ಚುನಾವಣೆಯಲ್ಲಿ ಕೆವಿನ್ ರಡ್ ಒಂಬತ್ತರಿಂದ ಹನ್ನೆರಡನೇ ತರಗತಿಯ ಪ್ರತಿ ವಿದ್ಯಾರ್ಥಿಗೂ ಕಂಪ್ಯೂಟರ್ ಎಂದು ಭರವಸೆ ಕೊಟ್ಟರು. ‘ಡಿಜಿಟಲ್ ಶಿಕ್ಷಣ ಕ್ರಾಂತಿ’ ಎಂದು ಹೆಸರು. 200 ಕೋಟಿ ಡಾಲರ್‌ಗೂ ಹೆಚ್ಚು ಖರ್ಚಾಗಿ, ಲಕ್ಷಾಂತರ ಲ್ಯಾಪ್‌ಟಾಪ್ ಹಂಚಿದ್ದೂ ಆಯಿತು. 2013ರ ಹೊತ್ತಿಗೆ ಅನುದಾನ ನಿಂತಿತು. ಲ್ಯಾಪ್‌ಟಾಪ್‌ನ ಆಯಸ್ಸು ನಾಲ್ಕು ವರ್ಷ, ಮಕ್ಕಳು ಬರುವುದು ಪ್ರತಿ ವರ್ಷ. ಆಮೇಲೆ ‘ನಿಮ್ಮ ಸಾಧನ ನೀವೇ ತನ್ನಿ’ ಎಂಬ ಪದ್ಧತಿ ಬಂತು. ಈಗ ಮಗನ ಹೈಸ್ಕೂಲು ಸೇರ್ಪಡೆ ಪತ್ರದ ಜೊತೆಗೇ ಎಂಥ ಲ್ಯಾಪ್‌ಟಾಪ್ ಕೊಳ್ಳಬೇಕು ಎಂಬ ಪಟ್ಟಿ ಬರುತ್ತದೆ. ಸರ್ಕಾರದ ಪುಸ್ತಕದಲ್ಲಿದ್ದ ಖರ್ಚು ಪೋಷಕರ ಪುಸ್ತಕಕ್ಕೆ ಬಂತು ಅಷ್ಟೇ. ಪ್ರತಿ ಶಾಲೆಯಲ್ಲೂ ಕೆಲವು ಮನೆಗಳಿಗೆ ಅದು ಭಾರ, ಅಂಥ ಮಕ್ಕಳಿಗೆ ಶಾಲೆಯ ಹಳೆಯ ಸಾಧನ. ಚಾರ್ಜ್ ಇಲ್ಲದೆ ಉಳಿದಿದ್ದ ಆ ಎರಡು ಟ್ಯಾಬ್ಲೆಟ್ ಸಿಕ್ಕಿದ್ದು ಯಾವ ಮಕ್ಕಳಿಗೆ ಎಂದು ಮನೆಯಾಕೆಯನ್ನು ಕೇಳಿದೆವು. ಹಿಂದಿನ ಬೆಂಚಿನವರಿಗೆ ಎಂದಳು.

ಇಷ್ಟು ಸುರಿದಿದ್ದಕ್ಕೆ ಬಂದಿದ್ದೇನು? ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ 2015ರಲ್ಲಿ ಈ ಲೆಕ್ಕ ನೋಡಿತು. ಶಾಲೆಗಳಲ್ಲಿ ಕಂಪ್ಯೂಟರ್‌ಗೆ ಭಾರಿ ಹಣ ಹೂಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನದ ಫಲಿತಾಂಶ ಗಮನಾರ್ಹವಾಗಿ ಸುಧಾರಿಸಿದ್ದು ಕಾಣಲಿಲ್ಲ ಎಂದಿತು. ಪೆರು ದೇಶ ಬಡ ಮಕ್ಕಳಿಗೆ ಲಕ್ಷಗಟ್ಟಲೆ ಪುಟ್ಟ ಲ್ಯಾಪ್‌ಟಾಪ್ ಹಂಚಿತು. 2012ರ ಅಧ್ಯಯನದಲ್ಲಿ ಭಾಷೆ, ಗಣಿತದಲ್ಲಿ ಪರಿಣಾಮ ಕಾಣಲಿಲ್ಲ. ಯುನೆಸ್ಕೊ 2023ರ ವರದಿಯಲ್ಲಿ ಈ ಸಾಧನಗಳಿಂದ ಕಲಿಕೆಗೆ ಲಾಭ ಎನ್ನಲು ನಿಷ್ಪಕ್ಷಪಾತವಾದ ಗಟ್ಟಿ ಪುರಾವೆ ತೀರಾ ಕಡಿಮೆ ಎಂದು ಎಚ್ಚರಿಸಿತು. ಸಾಧನ ಬೇಡ ಎಂದು ಇವ್ಯಾವೂ ಹೇಳಿಲ್ಲ. ಸಾಧನ ಬಂತು, ಅದನ್ನು ಹಿಡಿದು ನಿಲ್ಲುವ ಶಿಕ್ಷಕಿಯ ತಯಾರಿಗೆ ಅಷ್ಟು ಹಣ, ಅಷ್ಟು ಸಮಯ ಬರಲಿಲ್ಲ ಎಂದೇ ನಾವು ಓದಿಕೊಳ್ಳುತ್ತೇವೆ.

ಆಸ್ಟ್ರೇಲಿಯಾದ ಶಿಕ್ಷಕ ತರಬೇತಿ ಕುರಿತ ತಜ್ಞರ ಸಮಿತಿ 2023ರ ಜುಲೈನಲ್ಲಿ ವರದಿ ಕೊಟ್ಟಿತು. ಸಿಡ್ನಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಮಾರ್ಕ್ ಸ್ಕಾಟ್ ಅಧ್ಯಕ್ಷರು. ಎಲ್ಲ ಕೋರ್ಸ್‌ಗಳೂ ಕಲಿಸಲೇಬೇಕಾದ ನಾಲ್ಕು ವಿಷಯಗಳನ್ನು ಅದು ಗುರುತಿಸಿದೆ. ಮೆದುಳು ಕಲಿಯುವ ಬಗೆ, ಪರಿಣಾಮಕಾರಿ ಬೋಧನೆ, ತರಗತಿ ನಿರ್ವಹಣೆ, ಎಲ್ಲ ಬಗೆಯ ಮಕ್ಕಳಿಗೂ ಸ್ಪಂದಿಸುವುದು. ತಂತ್ರಜ್ಞಾನಕ್ಕೆ ಐದನೇ ಶೀರ್ಷಿಕೆ ಕೊಟ್ಟಿಲ್ಲ. ಕೆಲವರಿಗೆ ಇದು ಹಿಂದಕ್ಕೆ ಹೋದಂತೆ ಕಾಣಬಹುದು, ನಮಗೆ ಸರಿ ಎನಿಸುತ್ತದೆ. ನಾವು ಬಿ.ಕಾಂ ಮುಗಿಸಿ ಹುಬ್ಬಳ್ಳಿಯಲ್ಲಿ ಆರ್ಟಿಕಲ್‌ಶಿಪ್‌ಗೆ ಸೇರಿದಾಗ ಆಫೀಸಿನಲ್ಲಿ ಟ್ಯಾಲಿ ಇತ್ತು. ನಮ್ಮ ಸರ್ ಮೊದಲ ಆರು ತಿಂಗಳು ಅದನ್ನು ಮುಟ್ಟಗೊಡಲಿಲ್ಲ, ಕೈಯಲ್ಲಿ ಲೆಡ್ಜರ್ ಬರೆಸಿದರು. ಆಗ ಬೈದುಕೊಂಡಿದ್ದೆವು. ಟ್ಯಾಲಿ ತಾಳೆಯಾಗಿದೆ ಎಂದಾಗಲೂ ಲೆಕ್ಕ ತಪ್ಪಿರಬಹುದು ಎಂಬ ಅನುಮಾನ ಹುಟ್ಟಿದ್ದು ಆ ಆರು ತಿಂಗಳಲ್ಲೇ.

ಊರಿನ ಕಡೆಯ ಲೆಕ್ಕ ಬೇರೆ. ನಮ್ಮ ಅತ್ತೆ ಹಾವೇರಿ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ತಂತ್ರಜ್ಞಾನ ಅವರಿಗೂ ಹೊಸದಲ್ಲ. ‘ಚಿಣ್ಣರ ಚುಕ್ಕಿ’ ರೇಡಿಯೊ ಪಾಠದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತಿದ್ದುದನ್ನು ಇನ್ನೂ ನೆನೆಯುತ್ತಾರೆ. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿ, ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಆಕಾಶದಿಂದ ಪಾಠ ಇಳಿಯಿತು. 2017ರಲ್ಲಿ ದೀಕ್ಷಾ ಬಂತು, ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಬಂತು. ಕೋವಿಡ್‌ನಲ್ಲಿ ಎಲ್ಲ ಆನ್‌ಲೈನ್ ಎಂದಾಗ, ಮೊಬೈಲ್ ಇಲ್ಲದ ಮಕ್ಕಳಿಗಾಗಿ 2020ರಲ್ಲಿ ವಿದ್ಯಾಗಮದ ಹೆಸರಲ್ಲಿ ಮೇಷ್ಟ್ರುಗಳೇ ಗುಡಿಯ ಕಟ್ಟೆ, ಮರದ ನೆರಳಿಗೆ ಹೋದರು. ಕೇಂದ್ರದ ಯುಡೈಸ್ ಪ್ಲಸ್ ವರದಿಯಂತೆ 2024-25ರಲ್ಲಿ ದೇಶದ ಶೇ 64.7ರಷ್ಟು ಶಾಲೆಗಳಲ್ಲಿ ಕಂಪ್ಯೂಟರ್, ಶೇ 63.5ರಷ್ಟರಲ್ಲಿ ಇಂಟರ್‌ನೆಟ್ ಇದೆ. ಹಿಂದಿನ ವರ್ಷ ಅದು ಶೇ 57.2 ಮತ್ತು ಶೇ 53.9 ಇತ್ತು. ಏರಿಕೆ ಸಣ್ಣದಲ್ಲ. ಊರಿನ ಡಿ.ಇಡಿ, ಬಿ.ಇಡಿ ವಿದ್ಯಾರ್ಥಿಗಳಿಗೂ ನಮ್ಮ ಮನೆಯ ಪ್ರಶ್ನೆ ಎದುರಾಗುವ ದಿನ ದೂರವಿಲ್ಲ ಎಂದೇ ಈ ಅಂಕಿ ಹೇಳುತ್ತಿದೆ.

ಮಂಗಳವಾರದ ಪಾಠದ ಕಥೆಯನ್ನು ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ಕೇಳಿದ ಅತ್ತೆ ಮಗಳಿಗೆ ಅಂದಿದ್ದು ಇಷ್ಟೇ: ‘ಅದೆಲ್ಲಾ ಇರ್ಲಿ ಬಿಡವಾ, ಹುಡುಗ್ರು ಏನ್ ಕಲತ್ರು ಹೇಳು.’ ಇಲ್ಲಿನ ಮಾರ್ಗದರ್ಶಕಿ ಚೀಟಿಯಲ್ಲಿ ಬರೆದದ್ದೂ ಅದನ್ನೇ. ಗುರುವಾರದ ಕಾಗದದ ಪಟ್ಟಿಯ ಸುದ್ದಿ ಕೇಳಿ ಅವರಿಗೆ ನಲಿ-ಕಲಿ ನೆನಪಾಯಿತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ಆ ಪದ್ಧತಿಯಲ್ಲಿ ಪ್ರತಿ ಮಗುವೂ ಕಾರ್ಡ್ ಹಿಡಿದು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂಬುದು ಗೋಡೆಯ ಪಟ್ಟಿಯಲ್ಲೇ ಕಾಣುತ್ತದೆ. ಇಲ್ಲಿ ಲಕ್ಷಾಂತರ ಡಾಲರ್ ಬೆಲೆಯ ಸಾಫ್ಟ್‌ವೇರ್‌ಗಳು ‘ಪ್ರತಿ ಮಗುವಿಗೂ ಅದರ ವೇಗದ ಕಲಿಕೆ’ ಎಂದು ಮಾರುವುದು ಇದನ್ನೇ ಅಲ್ಲವೇ ಎಂದು ನಾವು ಅಂದೆವು. ಅತ್ತೆ ಒಪ್ಪಲಿಲ್ಲ. ಒಂದು ಕೋಣೆಯಲ್ಲಿ ಮೂರು ತರಗತಿ, ಅದರ ಮೇಲೆ ಗಣತಿ, ಬಿಸಿಯೂಟದ ಲೆಕ್ಕ, ಕಾರ್ಡು ಹರಿದರೆ ಹೊಸದು ಬರಲು ವರ್ಷ. ‘ನಿಮ್ಮ ಸಾಫ್ಟ್‌ವೇರ್ ಇದ್ದಿದ್ರ ಚಲೋ ಇತ್ತು’ ಎಂದರು. ನಾವು ಹೊಗಳಲು ಹೋದದ್ದನ್ನು ಅವರೇ ತಿದ್ದಿದರು.

ಭಾನುವಾರದ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ಸ್ವಯಂಸೇವಕರು. ಬಾಡಿಗೆಗೆ ಸಿಗುವ ತರಗತಿ ಕೋಣೆಯಲ್ಲಿ ಗೋಡೆಯಗಲ ಪರದೆ ಇದೆ, ಲಾಗಿನ್ ನಮ್ಮದಲ್ಲ. ಹಾಗಾಗಿ ಅಲ್ಲಿ ನಾವು ಅನಿವಾರ್ಯವಾಗಿ ಸೀಮೆಸುಣ್ಣದ ಕಾಲದವರು. ಒತ್ತಕ್ಷರದ ಚಿತ್ರ ಕಾರ್ಡು ಮಾಡಲು ಎಐಗೆ ಹೇಳಿದರೆ ‘ಅಕ್ಕ’ ಎಂಬುದನ್ನು ಯಾವ ಲಿಪಿಯೋ ಗೊತ್ತಾಗದ ಹಾಗೆ ಬಿಡಿಸಿಕೊಟ್ಟಿತು. ಇಂಗ್ಲಿಷ್ ಶಿಕ್ಷಕರಿಗೆ ಸಿಗುವ ಸಿದ್ಧ ಸರಕಿನ ಕಾಲು ಭಾಗವೂ ಕನ್ನಡ ಕಲಿಸುವವರಿಗೆ ಇಲ್ಲ. ಒಂದೊಂದು ಕಾರ್ಡೂ ಕೈಯಲ್ಲೇ ಬರೆದದ್ದು.

ತರಬೇತಿಯ ಮೊದಲ ಹಂತದಲ್ಲಿ ಮನೆಯಾಕೆ ಪಾಸಾಗಿದ್ದಾಳೆ. 2.6ರ ಎದುರು ಮಾರ್ಗದರ್ಶಕಿ ಟಿಕ್ ಹಾಕಿದ್ದಾರೆ. ಪುರಾವೆಯ ಜಾಗದಲ್ಲಿ ಹದಿನಾರು ಸ್ಲೈಡ್ ಅಲ್ಲ, ಸಮವಿಲ್ಲದ ನಾಲ್ಕು ತುಂಡಿನ ಕಾಗದ ಪಟ್ಟಿಯ ಒಂದು ಫೋಟೊ ಅಂಟಿಸಿದೆ. ಎರಡನೇ ಹಂತ ಜುಲೈ ಕೊನೆಗೆ, ಬೇರೆ ಶಾಲೆ, ಒಂದನೇ ತರಗತಿ. ಅಲ್ಲಿನ ಟ್ಯಾಬ್ಲೆಟ್‌ಗಳ ಸ್ಥಿತಿ ಗೊತ್ತಿಲ್ಲ, ಆಕೆ ಎರಡು ಚಾರ್ಜರ್ ಮತ್ತು ಒಂದು ರಟ್ಟಿನ ಡಬ್ಬಿ ತುಂಬಾ ಕಾಗದದ ಪಟ್ಟಿ ಸಿದ್ಧ ಮಾಡಿಕೊಂಡಿದ್ದಾಳೆ. ಅತ್ತೆ ಅಟ್ಟದಿಂದ ಹಳೆಯ ನಲಿ-ಕಲಿ ಕಾರ್ಡುಗಳನ್ನು ತೆಗೆದು ಫೋಟೊ ಕಳಿಸಿದ್ದಾರೆ. ಅರ್ಧದಷ್ಟು ಅಲುಗಾಡಿ ಮಸುಕಾಗಿವೆ, ಕ್ಯಾಮೆರಾ ಹೇಗೆ ಹಿಡಿಯಬೇಕೆಂದು ಈ ಶನಿವಾರ ಮಗಳು ಹೇಳಿಕೊಡಬೇಕಂತೆ.